ಅಡಚಣಿಗಂತ ಮನ್ಯಾಗ ಎಷ್ಟು ರೊಕ್ಕ ಇಟ್ಟಿರಬೇಕು?

ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುವವರು ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು, ಈಗ ಬಾಗಲಕೋಟೆಯಲ್ಲೇ ಮನೆ ಹಣಕಾಸಿನ ಸಲಹೆ ಕೊಡುತ್ತಾರೆ. ದಯವಿಟ್ಟು ಖಾತೆ ನಂಬರು, ಫೋನ್ ನಂಬರು ಯಾರೂ ಹಾಕಬೇಡಿ. – ಅಡ್ಮಿನ್

ಪ್ರಶ್ನೆ (ಶಿಕ್ಷಕಿ, ನವನಗರ, ಬಾಗಲಕೋಟೆ): ನಮಸ್ಕಾರ್ರಿ ಸರ್. ನಾನು ಖಾಸಗಿ ಸಾಲಿಯೊಳಗ ಟೀಚರ್ ಇದ್ದೀನಿ, ಪಗಾರ 18 ಸಾವಿರ. ನಮ್ಮನಿಯವರದು ಮೊಬೈಲ್ ರಿಪೇರಿ ಅಂಗಡಿ, ತಿಂಗಳಿಗೆ 20 ಸಾವಿರದ ಆಜೂಬಾಜು ಬರ್ತೈತಿ. ಇಬ್ಬರು ಮಕ್ಕಳು, ಅತ್ತಿಯವರು. ಖರ್ಚು ಎಲ್ಲಾ ಕೂಡಿ 30 ಸಾವಿರ. ಯೂಟ್ಯೂಬ್‌ನ್ಯಾಗ ಎಲ್ಲಾರೂ ಆರು ತಿಂಗಳ ಖರ್ಚು ತಗದಿಡ್ರಿ ಅಂತಾರ, ಅಂದ್ರ 1 ಲಕ್ಷ 80 ಸಾವಿರ ಆತು. ನಮ್ಮ ಉಳಿತಾಯ ಖಾತೆಯೊಳಗ ಇರೂದು 22 ಸಾವಿರ. ಬಂಗಾರ 6 ತೊಲಿ ಐತಿ, ಸೊಸೈಟಿಯೊಳಗ 2 ಲಕ್ಷ ಠೇವಣಿ ಐತಿ, ಗದ್ದನಕೇರಿ ಕಡೆ ಒಂದು ಪ್ಲಾಟೂ ಐತಿ. ಮೊನ್ನೆ ರಾತ್ರಿ ಅತ್ತಿಯವರಿಗೆ ಎದಿನೋವು ಬಂತು. ದವಾಖಾನಿಯಾಗ 40 ಸಾವಿರ ಅಡ್ವಾನ್ಸ್ ಕಟ್ಟ್ರಿ ಅಂದ್ರು. ನಮ್ಮ ತಮ್ಮನ ಕಡೆ ಕೈಗಡ ತಗೊಂಡು ಕಟ್ಟಿದ್ವಿ. ಖರೇನ ಎಷ್ಟು ಇಡಬೇಕ್ರಿ?

ಉತ್ತರ: ಅಕ್ಕಾರ, ಅತ್ತಿಯವರು ಆರಾಮ ಆಗ್ಯಾರ ಅಂತ ತಿಳ್ಕೊಂಡು ಬರೀತೀನಿ.

ಆಸ್ತಿ ಇದ್ದವರು ರಾತ್ರಿ 40 ಸಾವಿರಕ್ಕ ತಮ್ಮಗ ಫೋನ್ ಹಚ್ಚಬೇಕಾತು ಅಂದ್ರ ನಾಚಿಕಿ ಪಡಬ್ಯಾಡ್ರಿ, ಇದು ನಮ್ಮ ದೇಶದ ಬಹಳಷ್ಟು ಮನಿ ಕಥಿ. ರಿಸರ್ವ್ ಬ್ಯಾಂಕಿನ ಸಮಿತಿಯೊಂದು 2017ರಾಗ ಮನಿ ಹಣಕಾಸಿನ ಮ್ಯಾಲೆ ವರದಿ ಕೊಟ್ಟಿತ್ತು. ಭಾರತದ ಸರಾಸರಿ ಮನಿಯ ಸಂಪತ್ತಿನಾಗ ನೂರಕ್ಕ 84 ಪಾಲು ಹೊಲ, ಮನಿ, ಜಾಗ, ಗಾಡಿ-ಸಾಮಾನು. 11 ಪಾಲು ಬಂಗಾರ. ಬ್ಯಾಂಕು, ಠೇವಣಿ, ವಿಮೆ, ಷೇರು ಎಲ್ಲಾ ಕೂಡಿಸಿದ್ರೂ ಉಳಿದ 5 ಪಾಲು. ನಿಮ್ಮ ಪಟ್ಟಿ ಅದರ ನಕಲಿನಂಗ ಐತಿ.

ಅದಕ್ಕ ನಾನು ಎರಡು ಲೆಕ್ಕ ಬ್ಯಾರೆ ಬ್ಯಾರೆ ಮಾಡಸ್ತೀನಿ. ಈಗಿಂದೀಗ, ರಾತ್ರಿ ಆಗಲಿ ಐತವಾರ ಆಗಲಿ, ಎಷ್ಟು ರೊಕ್ಕ ಕೈಗೆ ಸಿಗಬೇಕು ಅನ್ನೂದು ಒಂದು. ಗಳಿಕಿ ನಿಂತ್ರ ಎಷ್ಟು ತಿಂಗಳು ಮನಿ ನಡೀಬೇಕು ಅನ್ನೂದು ಇನ್ನೊಂದು. ಯೂಟ್ಯೂಬಿನವರು ಎರಡನೇದನ್ನಷ್ಟ ಹೇಳ್ತಾರ. ನಿಮಗ ಪೆಟ್ಟು ಬಿದ್ದಿದ್ದು ಮೊದಲನೇದರಾಗ.

ಮೊದಲನೇದಕ್ಕ 50 ಸಾವಿರ ಗುರಿ ಇಟ್ಕೊಳ್ರಿ. 22 ಸಾವಿರ ಐತಿ, ಇನ್ನ 28 ಬೇಕು. ತಿಂಗಳಿಗೆ 8 ಸಾವಿರ ಮಿಗತೈತಿ ಅಂತ ನಿಮ್ಮ ಲೆಕ್ಕನ ಹೇಳ್ತೈತಿ. ಅದರಾಗ 5 ಸಾವಿರ ಇದಕ್ಕ ಹಾಕಿದ್ರ ಆರು ತಿಂಗಳ ಕೆಲಸ. ಆದ್ರ ದಿನಾ ಫೋನ್‌ಪೇ ಮಾಡೂ ಖಾತೆಯೊಳಗ ಇಡಬ್ಯಾಡ್ರಿ, ಅಲ್ಲಿ ರೊಕ್ಕ ನಿಲ್ಲಂಗಿಲ್ಲ. ಬ್ಯಾರೆ ಬ್ಯಾಂಕಿನ್ಯಾಗ ಒಂದು ಉಳಿತಾಯ ಖಾತೆ ತಗದು, ಯುಪಿಐಗೆ ಜೋಡಿಸದ, ಎಟಿಎಂ ಕಾರ್ಡ್ ಮಾತ್ರ ಇಟ್ಕೊಳ್ರಿ. ಬಡ್ಡಿ ಎರಡೂವರೆ ಪರ್ಸೆಂಟ್ ಅಂದ್ರ 50 ಸಾವಿರಕ್ಕ ವರ್ಷಕ್ಕ 1,250 ರೂಪಾಯಿ. ಅದನ್ನ ಆರೂವರೆ ಪರ್ಸೆಂಟಿನ ಠೇವಣಿಗೆ ಹಾಕಿದ್ರ 3,250. ನಡುವಿನ ಫರಕು 2 ಸಾವಿರ. ವರ್ಷಕ್ಕ 2 ಸಾವಿರ ಕೊಟ್ಟು ರಾತ್ರಿಯ ಧೈರ್ಯ ಕೊಂಡಂಗಾತು, ನನ್ನ ಮಟ್ಟಿಗೆ ಇದು ಸೋವಿ.

ಎರಡನೇ ಲೆಕ್ಕಕ್ಕ ಪೂರಾ 30 ಸಾವಿರ ಹಿಡೀಬ್ಯಾಡ್ರಿ. ಗಳಿಕಿ ನಿಂತ ತಿಂಗಳು ಸೀರಿ ಖರೀದಿ, ಹೋಟೆಲ್ಲು, ಆಯೇರಿ ತಾವ ಕಡಿಮಿ ಆಗ್ತಾವು. ಕಿರಾಣಿ, ಹಾಲು, ಕರೆಂಟ್ ಬಿಲ್ಲು, ಸಾಲಿ ಫೀ, ಅತ್ತಿಯವರ ಗುಳಿಗಿ, ಸಾಲದ ಕಂತು – ಬಿಡಲಿಕ್ಕೆ ಬರದಂಥ ಖರ್ಚು ಇಷ್ಟನ್ನ ಬರೀರಿ. 22 ಸಾವಿರಕ್ಕ ಬಂದು ನಿಲ್ಲತೈತಿ ಅಂತ ನನ್ನ ಅಂದಾಜು. ನಿಮ್ಮಲ್ಲಿ ಗಳಸೋರು ಇಬ್ಬರು, ಎರಡೂ ಒಮ್ಮೆಲೇ ನಿಲ್ಲೂದು ಅಪರೂಪ. ಹಂಗಾಗಿ ಮೂರು ತಿಂಗಳದು, 66 ಸಾವಿರ ಸಾಕು. ಒಬ್ಬರ ಗಳಿಕಿ ಮ್ಯಾಲೆ ನಡೆಯೂ ಮನಿಗೆ ಆದ್ರ ಆರು ತಿಂಗಳಿಗಿಂತ ಕಡಿಮಿ ನಾ ಹೇಳಂಗಿಲ್ಲ. ಈ 66ನ್ನ ಬ್ಯಾಂಕ್ ಠೇವಣಿ ಮಾಡ್ರಿ, ಆದ್ರ ಒಂದ ರಸೀದಿ ಬ್ಯಾಡ, 22 ಸಾವಿರದ ಮೂರು ರಸೀದಿ ಮಾಡ್ರಿ. ಅಡಚಣಿ ಬಂದ್ರ ಒಂದನ್ನಷ್ಟ ಮುರಿಬಹುದು, ಮುದ್ದತ್ತಿಗೆ ಮೊದಲ ಮುರಿದದ್ದಕ್ಕ ಕಡಿಮಿ ಬಡ್ಡಿಯ ಹೊಡೆತ ಆ ಒಂದಕ್ಕಷ್ಟ ಬೀಳತೈತಿ.

ಪ್ರಶ್ನೆ (ಔಷಧ ಅಂಗಡಿ, ವಿಜಯಪುರ): ಸರ್, ಅಕ್ಕಾರ ಬಲ್ಲಿ ಸೊಸೈಟಿಯೊಳಗ 2 ಲಕ್ಷ ಅದಲ್ರಿ, ಅದು ಲೆಕ್ಕಕ್ಕ ಬರಂಗಿಲ್ಲೇನು? ನಂದೂ ಸೌಹಾರ್ದದಾಗ ಅದ. ಬ್ಯಾಂಕಿಗಿಂತ ಎರಡು ಪರ್ಸೆಂಟ್ ಹೆಚ್ಚಿಗಿ ಕೊಡ್ತಾರ, ಮ್ಯಾನೇಜರು ಓಣ್ಯಾಗಿನವರ ಇದ್ದಾರ.

ಉತ್ತರ: ಅಣ್ಣಾರ, ಉಳಿತಾಯ ಅಂತ ಲೆಕ್ಕಕ್ಕ ಬರತೈತಿ, ಆಪತ್ತಿನ ರೊಕ್ಕ ಅಂತ ಬರಂಗಿಲ್ಲ. ಕಾರಣ ಠೇವಣಿ ವಿಮೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರೂ ಸಹಕಾರಿ ಬ್ಯಾಂಕು – ಇವುಗಳಾಗ ಒಂದು ಬ್ಯಾಂಕಿಗೆ ಒಬ್ಬ ಠೇವಣಿದಾರಗ ಅಸಲು-ಬಡ್ಡಿ ಕೂಡಿ 5 ಲಕ್ಷದ ತನಕ ವಿಮೆ ಐತಿ. 1993ರಿಂದ ಇದು 1 ಲಕ್ಷ ಇತ್ತು, 2020ರ ಫೆಬ್ರವರಿ 4ರಿಂದ 5 ಲಕ್ಷ ಆತು. 2021ರ ತಿದ್ದುಪಡಿ ಪ್ರಕಾರ ಬ್ಯಾಂಕಿನ ಮ್ಯಾಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದ್ರೂ 90 ದಿನದೊಳಗ ಈ ವಿಮೆ ರೊಕ್ಕ ಕೈಗೆ ಬರಬೇಕು. ಪತ್ತಿನ ಸಹಕಾರಿ ಸಂಘ, ಪತ್ತಿನ ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಎರಡು ಪರ್ಸೆಂಟ್ ಹೆಚ್ಚಿಗಿ ಬಡ್ಡಿ ಬರೂದು ಆ ಕಾರಣಕ್ಕನ.

ಸೊಸೈಟಿ ಎಲ್ಲಾ ಕೆಟ್ಟು ಅಂತ ನಾ ಹೇಳಂಗಿಲ್ಲ, ತಪ್ಪಾಗ್ತೈತಿ. ನಮ್ಮ ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆದಾಗ ಬ್ಯಾಂಕಿನವರು ಬಾಗಲಾಗ ನಿಲ್ಲಿಸಿಕೊಂಡ ಕಾಯಿಪಲ್ಲೆ ಮಾರವರಿಗೆ, ಟಂಟಂ ಹೊಡ್ಯಾವರಿಗೆ ಸಾಲ ಕೊಟ್ಟಿದ್ದು ಇವ ಸೊಸೈಟಿ. ಚಲೋ ನಡೆಯೂದು ಇದ್ರ ಮಗಳ ಮದಿವಿಗೆ ಅಂತ ಒಂದು ಪಾಲು ಇಡ್ರಿ. ಆದ್ರ ‘ಮುಂದಿನ ವಾರ ಬರ್ರಿ’ ಅನ್ನೂ ಮಾತು ಕೇಳಿದ ದಿನ ನಿಮ್ಮ ಕೈಯಾಗ ಬ್ಯಾರೆ ರೊಕ್ಕ ಇರಬೇಕು. ಮ್ಯಾನೇಜರು ಓಣ್ಯಾಗಿನವರು ಇದ್ರ ಅವತ್ತು ಅವರ ಮನಿ ಬಾಗಲಾಗ ಓಣಿ ಮಂದಿ ಎಲ್ಲಾ ನಿಂತಿರ್ತಾರ.

ಪ್ರಶ್ನೆ (ರೈತ, ಮುಧೋಳ ತಾಲ್ಲೂಕು): ಸಾಹೇಬ್ರ, ತಿಂಗಳದ ಲೆಕ್ಕ ಪಗಾರದವರಿಗೆ ಆತು. ನಮ್ಮದು 5 ಎಕರೆ ಕಬ್ಬು. ಬಿಲ್ಲು ಬಂದಾಗ ಒಮ್ಮೆಲೇ ಬರ್ತೈತಿ, ಬಂದ ದಿನಾನ ಗೊಬ್ಬರದಂಗಡಿ ಉದ್ರಿ, ಸೊಸೈಟಿ ಸಾಲ, ಕಬ್ಬು ಕಡಿಯೋರ ಖುಷಿ (ಕೂಲಿ ಮ್ಯಾಲೆ ಕೊಡೂ ಇನಾಮು) ಅಂತ ಹರಿದು ಹೋಗ್ತೈತಿ. ನಮಗ ಎಷ್ಟು ತಿಂಗಳದು?

ಉತ್ತರ: ನಿಮ್ಮದ ಈ ಗ್ರೂಪಿನಾಗ ಎಲ್ಲಾಕ್ಕಿಂತ ಮುಖ್ಯ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ.

ನಿಮಗ ತಿಂಗಳ ಬದಲಿ ಬಿಲ್ಲಿನಿಂದ ಬಿಲ್ಲಿಗೆ ಎಣಿಸಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿಸಿದ 14 ದಿನದಾಗ ಕಾರ್ಖಾನಿ ರೊಕ್ಕ ಕೊಡಬೇಕು, ತಡ ಆದ್ರ ವರ್ಷಕ್ಕ ನೂರಕ್ಕ 15ರಂಗ ಬಡ್ಡಿ ಕೊಡಬೇಕು. ಕಾಗದದ ಮಾತು ಕಾಗದದ ಮ್ಯಾಲೆ ಇರಲಿ, ಬಾಕಿ ಬಿಲ್ಲಿಗೆ ಎಷ್ಟು ಸರ್ತಿ ರಸ್ತಾ ಬಂದ್ ಮಾಡೀರಿ ಅಂತ ನನಗಿಂತ ನಿಮಗ ಗೊತ್ತು. ಅದಕ್ಕ ಬರಬೇಕಾದ ತಾರೀಖಿನ ಮ್ಯಾಲೆ ಇನ್ನ ನಾಕು ತಿಂಗಳು ಮುಂದ ಹಾಕಿ ಲೆಕ್ಕ ಹಿಡೀರಿ. ಹೋದ ಬಿಲ್ಲಿನಿಂದ ಮುಂದಿನ ಬಿಲ್ಲಿಗೆ 12 ತಿಂಗಳಾದ್ರ ನಿಮಗ 16 ತಿಂಗಳ ಮನಿಖರ್ಚು. ಹೊಲದ ಖರ್ಚು ಇದರಾಗ ಕೂಡಸಬ್ಯಾಡ್ರಿ, ಕೂಡಿಸಿದ್ರ ಹೊಲಾನ ಎಲ್ಲಾ ನುಂಗತೈತಿ.

ಇದು ದೊಡ್ಡ ಮೊತ್ತ, ಒಂದ ಹಂಗಾಮಿನಾಗ ಆಗಂಗಿಲ್ಲ. ನಬಾರ್ಡ್ 2021-22ರಾಗ ಮಾಡಿದ ಸಮೀಕ್ಷೆ ನೋಡ್ರಿ: ಗ್ರಾಮೀಣ ಮನಿಯ ಸರಾಸರಿ ಖರ್ಚು ತಿಂಗಳಿಗೆ 11,262 ರೂಪಾಯಿ, ವರ್ಷಪೂರ್ತಿ ಉಳಿಸಿದ್ದು 13,209. ಅಂದ್ರ ಹನ್ನೆರಡು ತಿಂಗಳು ದುಡದು ಒಂದು ತಿಂಗಳ ಖರ್ಚಿಗಿಂತ ಸ್ವಲ್ಪ ಹೆಚ್ಚಿಗಿ ಕೂಡಿಸ್ಯಾರ. ಇದರಾಗ ಆರು ತಿಂಗಳದು ಕೂಡಬೇಕಾದ್ರ ಐದು ವರ್ಷ ಬೇಕು, ನಡುವ ಏನೂ ಆಗಬಾರದು. ಹಂಗಾಗಿ ಬಿಲ್ಲು ಬಂದ ದಿನ ಗೊಬ್ಬರದಂಗಡಿಗೆ ಹೋಗೂಕಿಂತ ಮೊದಲ ನೂರಕ್ಕ ಹತ್ತು ಬ್ಯಾರೆ ಖಾತೆಗೆ ಹಾಕ್ರಿ. ಎಲ್ಲಾ ಕೊಟ್ಟು ಮಿಕ್ಕಿದ್ದು ಇಡ್ತೀನಿ ಅಂದ್ರ ಮಿಗಂಗಿಲ್ಲ.

ಇನ್ನೊಂದು ಮಾತು. ‘ಅಡಚಣಿ ಬಂದ್ರ ಒಂದು ಎಮ್ಮಿ ಮಾರಿದ್ರಾತು’ ಅಂತ ಬಹಳ ಮಂದಿ ಹೇಳ್ತೀರಿ. ದವಾಖಾನಿ ಖರ್ಚಿಗೆ ಆದ್ರ ಆ ಮಾತು ಖರೆ. ಆದ್ರ 2019ರ ಆಗಸ್ಟ್‌ನ್ಯಾಗ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ತುಂಬಿ ಬಂದಾಗ, 2023ರ ಬರದಾಗ ರಾಜ್ಯದ 236 ತಾಲ್ಲೂಕಿನಾಗ 223 ಬರಪೀಡಿತ ಅಂತ ಘೋಷಣಾ ಆದಾಗ, ಸಂತಿಗೆ ಎಮ್ಮಿ ಹೊಡಕೊಂಡು ಬರವರು ನೀವೊಬ್ಬರ ಇರಂಗಿಲ್ಲ. ಮಾರವರು ಬಹಳ, ಮೇವಿಲ್ಲದಕ್ಕ ಕೊಳ್ಳಾವರು ಕಡಿಮಿ. ಊರಿಗೇ ಬಂದ ಆಪತ್ತಿನಾಗ ಊರವರೆಲ್ಲಾ ಇಟ್ಟುಕೊಂಡ ಆಸ್ತಿಗೆ ಬೆಲೆ ಇರಂಗಿಲ್ಲ. ಕೈಗಡಕ್ಕೂ ಇದ ಮಾತು, ಕೊಡೂ ಬೀಗರ ಹೊಲಾನೂ ನೀರಾಗ ಇರತೈತಿ.

ಸಹಕಾರಿ ಸಂಘದಾಗ 5 ಲಕ್ಷದ ತನಕ ಶೂನ್ಯ ಬಡ್ಡಿ ಬೆಳೆಸಾಲ ಇದ್ದವರು ಗಡುವಿಗೆ ಕಟ್ಟಿದ್ರಷ್ಟ ಅದು ಶೂನ್ಯ ಬಡ್ಡಿ. ಬಿಲ್ಲು ತಡ ಆಗಿ ಗಡುವು ತಪ್ಪಿದ್ರ ಬಡ್ಡಿ ಬೀಳತೈತಿ. ಬ್ಯಾರೆ ಇಟ್ಟ ರೊಕ್ಕದಾಗ ಆ ಗಡುವು ದಾಟಸಲಿಕ್ಕೆ ಅಡ್ಡಿಯಿಲ್ಲ, ಬಿಲ್ಲು ಬಂದ ದಿನ ತಿರುಗಿ ತುಂಬ್ರಿ.

ಪ್ರಶ್ನೆ (ಹೆಸರು ಬೇಡ, ಬೆಳಗಾವಿ): ನಮ್ಮ ಮನೆಯಲ್ಲಿ ಬಂಗಾರ ಇದೆ, ಮೇಲೆ ತಿಂಗಳಿಗೆ 5 ಸಾವಿರದ ಭಿಶಿ (ಚೀಟಿ ಫಂಡ್‌ನಂಥದ್ದು) ಕಟ್ತೇನೆ. ಸಾಲದೇನು ಸರ್?

ಉತ್ತರ: ಬಂಗಾರ ಚಲೋ ಎರಡನೇ ಆಸರಾ. ಅದರ ಮ್ಯಾಲೆ ಸಾಲ ಜಲ್ದಿ ಸಿಗತೈತಿ, ಆದ್ರ ಬ್ಯಾಂಕಿನ ವ್ಯಾಳೆದಾಗ. ಕಿಮ್ಮತ್ತಿನ ನೂರಕ್ಕ 75ರ ತನಕ ಅನ್ನೂದು ಹಳೇ ಮಿತಿ. 2026ರ ಏಪ್ರಿಲ್ 1ರಿಂದ ಎರಡೂವರೆ ಲಕ್ಷದೊಳಗಿನ ಸಾಲಕ್ಕ 85ರ ತನಕ ಅಂತ ರಿಸರ್ವ್ ಬ್ಯಾಂಕಿನ ಹೊಸ ನಿಯಮ. ಬ್ಯಾಂಕು ಬಿಟ್ಟು ಫೈನಾನ್ಸಿಗೆ ಹೋದ್ರ ಬಡ್ಡಿ ಎಷ್ಟು ಅಂತ ಕೇಳಿ ಚೀಟಿ ಮ್ಯಾಲೆ ಬರಸ್ಕೋರಿ. ಮತ್ತ ಬೆಳೆಸಾಲಕ್ಕ ಆಗಲೇ ಒತ್ತಿ ಇಟ್ಟ ಬಂಗಾರವನ್ನ ಆಪತ್ತಿನ ಬಂಗಾರ ಅಂತ ಎರಡನೇ ಸರ್ತಿ ಎಣಿಸಬ್ಯಾಡ್ರಿ. ಹಂಗ ಎಣಿಸವರು ಬಹಳ ಇದ್ದಾರ.

ಭಿಶಿ ಉಳಿತಾಯದ ರೂಢಿಗೆ ಚಲೋ. ಆದ್ರ ನಿಮ್ಮ ಪಾಳಿ ಮುಗದಿದ್ರ ಅದು ನಿಮ್ಮ ಸಾಲ, ಪಾಳಿ ಬರದಿದ್ರ ಮಂದಿ ಕೈಯಾಗಿನ ನಿಮ್ಮ ರೊಕ್ಕ. ಆಪತ್ತು ಪಾಳಿ ನೋಡಿ ಬರಂಗಿಲ್ಲ.

ಪ್ರಶ್ನೆ (ಬೆಳಗಾವಿಯವರದೇ ಮುಂದುವರಿಕೆ): ಮಗ ಅಮೆರಿಕಾದಲ್ಲಿದ್ದಾನೆ. ಅಲ್ಲಿಯವರ ಕೈಯಲ್ಲೂ ರೊಕ್ಕ ಇರುವುದಿಲ್ಲ ಅಂತಾನೆ, ನಿಜವೇ?

ಉತ್ತರ: ಅರ್ಧ ನಿಜ. ಅಲ್ಲಿಯ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ವರ್ಷಾ ವರ್ಷಾ ಒಂದು ಪ್ರಶ್ನೆ ಕೇಳ್ತೈತಿ: ಎಣಿಸಲಾರದ 400 ಡಾಲರ್ ಖರ್ಚು ಬಂದ್ರ ಹೆಂಗ ಕೊಡ್ತೀರಿ? ಕೈಯಾಗಿನ ರೊಕ್ಕ, ಉಳಿತಾಯ, ಇಲ್ಲಾ ಮುಂದಿನ ಬಿಲ್ಲಿಗೆ ಪೂರ್ತಿ ತೀರಿಸೂ ಕ್ರೆಡಿಟ್ ಕಾರ್ಡಿನಿಂದ ಪೂರ್ತಿ ಕೊಡ್ತೀವಿ ಅಂದವರು 2013ರಾಗ ನೂರಕ್ಕ 50, 2024ರಾಗ 63. ಉಳಿದವರು ಸಾಲ ಮಾಡ್ತೀವಿ, ಏನರ ಮಾರ್ತೀವಿ, ಇಲ್ಲಾ ಕೊಡಲಿಕ್ಕೇ ಆಗಂಗಿಲ್ಲ ಅಂದವರು. ಆಸ್ತಿ ಎಷ್ಟೈತಿ ಅಂತ ಅಲ್ಲಿ ಕೇಳಿಲ್ಲ ನೋಡ್ರಿ, ಈಗ ಹೆಂಗ ಕೊಡ್ತೀರಿ ಅಂತ ಕೇಳ್ಯಾರ. ನವನಗರದ ಅಕ್ಕಾರಿಗೆ ನಾ ಕೇಳಿದ್ದೂ ಅದನ್ನ.

ಪ್ರಶ್ನೆ (ನೇಕಾರ, ರಬಕವಿ-ಬನಹಟ್ಟಿ): ನಾವು ಕೂಲಿ ನೇಕಾರ್ರು, ವಾರಕ್ಕೊಮ್ಮೆ ಕೂಲಿ. ಲಾಕ್‌ಡೌನ್‌ನ್ಯಾಗ ಮಗ್ಗ ನಿಂತು ಮನ್ಯಾಗಿನ ಭಾಂಡೆ ಮಾರೀವ್ರಿ. 50 ಸಾವಿರ ಅಂದ್ರ ನಮಗ ನಗು ಬರ್ತೈತಿ.

ಉತ್ತರ: ನಿಮಗ ನಾ 50 ಸಾವಿರ ಹೇಳಂಗಿಲ್ಲ ಅಣ್ಣಾ. ಪಿಗ್ಮಿ ಮಾಡ್ರಿ. ದಿನಕ್ಕ 40 ರೂಪಾಯಿ ಅಂದ್ರ ವರ್ಷಕ್ಕ 14,600. 1928ರಾಗ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಸುರು ಮಾಡಿದ್ದ ದಿನಗೂಲಿಯವರ ಚಿಲ್ಲರೆ ರೊಕ್ಕಕ್ಕ. ಏಜೆಂಟ್ ಬಂದ ದಿನಾನ ರಸೀದಿ ಇಲ್ಲಾ ಮೊಬೈಲಿಗೆ ಮೆಸೇಜ್ ನೋಡ್ರಿ, ‘ನಾಳೆ ಬರೀತೀನಿ’ ಅಂದ್ರ ಒಪ್ಪಬ್ಯಾಡ್ರಿ. ಮನಿಯವರಿಗೆ ಗೃಹಲಕ್ಷ್ಮಿ 2 ಸಾವಿರ ಬರ್ತಿದ್ರ, ತಡ ಆಗಿ ಎರಡು ಕಂತು ಒಮ್ಮೆಲೇ ಬಂದಾಗ ಒಂದನ್ನರ ಮುಟ್ಟಬ್ಯಾಡ್ರಿ.

ದವಾಖಾನಿ ಆಪತ್ತನ್ನ ಮಾತ್ರ ಉಳಿತಾಯದಿಂದ ಎದುರಿಸಲಿಕ್ಕೆ ಹೋಗಬ್ಯಾಡ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸಾ ಐತಿ. ನಿಮ್ಮ ನೇಕಾರರ ಸಹಕಾರಿ ಸಂಘದ ಸದಸ್ಯತ್ವ ಇದ್ರ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ತಗೀತಾರ ಅಂತ ಸಂಘದಾಗ ಕೇಳಿ ಇಡ್ರಿ. ಯಾವ ದವಾಖಾನಿ ಪಟ್ಟಿಯೊಳಗ ಐತಿ ಅಂತ ಆರಾಮ ಇದ್ದಾಗ ತಿಳ್ಕೋಬೇಕು. ಆಂಬ್ಯುಲೆನ್ಸಿನ್ಯಾಗ ಕೂತು ಕೇಳೂದಲ್ಲ.

ಪ್ರಶ್ನೆ (ಗೃಹಿಣಿ, ಇಳಕಲ್ಲ): ಸರ್, ನಮ್ಮ ಮನಿಯವರು ರೊಕ್ಕ ಇಟ್ಟಾರ, ಆದ್ರ ಎಲ್ಲಾ ಅವರ ಹೆಸರಿಲೇ ಐತಿ. ನಾಮಿನಿ ನಾನ ಇದ್ದೀನಿ. ಸಾಕಲ್ರಿ?

ಉತ್ತರ: ಸಾಲದು, ತಂಗಿ. ನಾಮಿನಿಗೆ ರೊಕ್ಕ ಸಿಗೂದು ಖಾತೆದಾರ ತೀರಿಕೊಂಡ ಮ್ಯಾಲೆ, ಮರಣ ಪ್ರಮಾಣಪತ್ರ ಕೊಟ್ಟ ಮ್ಯಾಲೆ. ಅವರು ಐಸಿಯುದಾಗ ಇದ್ರ ನಾಮಿನಿ ಅಂತ ಹೇಳಿ ಒಂದು ರೂಪಾಯಿನೂ ತಗೀಲಿಕ್ಕೆ ಬರಂಗಿಲ್ಲ. ಆಪತ್ತಿನ ಖಾತೆಯನ್ನಷ್ಟ ಜಂಟಿ ಮಾಡಸ್ರಿ, ಫಾರ್ಮಿನ್ಯಾಗ ‘ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಉಳಿದವರು’ ಅನ್ನೂ ಕಡೆ ಟಿಕ್ ಹಾಕಸ್ರಿ. ಇಬ್ಬರೂ ಕೂಡೇ ಸಹಿ ಮಾಡಬೇಕು ಅನ್ನೂದಕ್ಕ ಹಾಕಿದ್ರ ಮತ್ತ ಅದ ತಾಪತ್ರಯ. ಠೇವಣಿ ರಸೀದಿಗೂ ಹಿಂಗ ಮಾಡಸ್ರಿ, ಆದ್ರ ಮುದ್ದತ್ತಿಗೆ ಮೊದಲ ಒಬ್ಬರ ಸಹಿ ಮ್ಯಾಲೆ ಮುರಿಲಿಕ್ಕೆ ಬರತೈತೇನು ಅಂತ ಬ್ಯಾಂಕಿನ್ಯಾಗ ಕೇಳಿ, ಬರದಿದ್ರ ಅದಕ್ಕ ಬ್ಯಾರೆ ಒಪ್ಪಿಗಿ ಬರಕೊಡ್ರಿ. ನಾಮಿನಿ ಬ್ಯಾರೆ ಇರಲಿ, 2025ರ ನವೆಂಬರ್ 1ರಿಂದ ನಾಕು ಮಂದಿ ತನಕ ಹೆಸರು ಕೊಡಬಹುದು.

ಎಟಿಎಂ ಕಾರ್ಡ್ ನಿಮ್ಮ ಹೆಸರಿಲೇ ಇನ್ನೊಂದು ತಗೊಳ್ರಿ, ಅದರಿಂದ ನೀವ ಹೋಗಿ ಒಮ್ಮೆ 500 ರೂಪಾಯಿ ತಗದು ನೋಡ್ರಿ.