ಸಹಾಯ ಬೇಕು: ಸ್ನಾಯು ದೋಷದ ಕುದುರೆಗೆ ಮಳೆಗಾಲದ ಮೇವು

ಮಲ್ಪೆ ಹತ್ತಿರದ ನಮ್ಮ ಮನೆಯಲ್ಲಿ ಓಟದಿಂದ ನಿವೃತ್ತಳಾದ 11 ವರ್ಷದ ಥರೋಬ್ರೆಡ್ ಕುದುರೆಯಿದೆ. ಕಳೆದ ವಾರ ತುಸು ಓಡಿದ್ದೇ ತಡ, ಹಿಂಗಾಲಿನ ತೊಡೆಗಳು ಹಲಗೆಯಂತೆ ಸೆಟೆದುಕೊಂಡವು. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತು. ವಂಶದಿಂದ ಬಂದ ಸ್ನಾಯು ದೋಷ, ಪಿಷ್ಟ ಮತ್ತು ಸಕ್ಕರೆ ತಗ್ಗಿಸಿ ಶಕ್ತಿಗೆ ಎಣ್ಣೆ ಕೊಡಿ ಎಂದಿದ್ದಾರೆ ವೈದ್ಯರು. ಧಾನ್ಯ, ಬೆಲ್ಲ ಎರಡನ್ನೂ ನಿಲ್ಲಿಸಿದ್ದೇನೆ. ಬೆಲ್ಲದ ತುಂಡಿಗಾಗಿ ಅವಳು ನನ್ನ ಅಂಗೈ ಮೂಸುವಾಗ ಕರುಳು ಚುರುಕ್ಕೆನ್ನುತ್ತದೆ.

ತೌಡಿನಲ್ಲಿ ಕೊಬ್ಬಿನ ಜೊತೆ ಪಿಷ್ಟವೂ ಇದೆ, ಹಾಗಾಗಿ ಬೇಡ. ತೆಂಗಿನ ಹಿಂಡಿಯಲ್ಲಿ ಪಿಷ್ಟ ಬಹಳ ಕಡಿಮೆ, ಆದರೆ ಈ ಆಟಿ ಮಳೆಗೆ ಬೂಷ್ಟು ಹಿಡಿದರೆ ವಿಷವಾದೀತು. ಉಡುಪಿ ಸುತ್ತಮುತ್ತ ಯಾವ ಗಾಣದಲ್ಲಿ ತಾಜಾ ಹಿಂಡಿ ಸಿಗುತ್ತದೆ? ಎಣ್ಣೆಯನ್ನು ಎಷ್ಟು ದಿನಗಳಲ್ಲಿ, ಹೇಗೆ ಹೆಚ್ಚಿಸಿದಿರಿ? ಇಂಥ ಕುದುರೆಯನ್ನು ಸಾಕಿದವರು, ಪಶುವೈದ್ಯರು ದಯವಿಟ್ಟು ಬೇಗ ತಿಳಿಸಿ.