ಇನ್ನೊಬ್ಬರ ಬದುಕನ್ನ ಕಥೆ ಮಾಡೋ ಮುಂಚೆ ಅವರನ್ನ ಕೇಳ್ಬೇಕಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ನಮ್ಮ ಬೀದಿ ಗುಡಿಸೋಕೆ ಬರೋ ಪೌರಕಾರ್ಮಿಕ ಅಕ್ಕ ಒಬ್ರು ಆಗಾಗ ನಮ್ಮ ಗೇಟ್ ಹತ್ರ ಕೂತು ಕಾಫಿ ಕುಡೀತಾ ಮನೆ ವಿಷಯ ಹೇಳ್ಕೋತಾರೆ. ಗಂಡ ಮ್ಯಾನ್‌ಹೋಲ್‌ಗೆ ಇಳಿದಾಗ ಗ್ಯಾಸ್‌ನಿಂದ ಉಸಿರುಕಟ್ಟಿ ತೀರ್ಕೊಂಡ್ರಂತೆ, ಕಂಟ್ರಾಕ್ಟರ್ ಅವನು ನಮ್ಮ ಕೆಲಸದವನೇ ಅಲ್ಲ ಅಂದ್ಬಿಟ್ಟನಂತೆ, ಪರಿಹಾರದ ಕೇಸು ಇನ್ನೂ ನಡೀತಿದೆ. ಆ ನಾತ ತಡ್ಕೊಳ್ಳೋಕಾಗದೆ ಕುಡಿದೇ ಇಳೀತಿದ್ರು ಅಂತಾನೂ ಹೇಳಿದ್ರು. ಇದನ್ನೆಲ್ಲ ಇಟ್ಕೊಂಡು ಒಂದು ಕಥೆ ಬರ್ದಿದೀನಿ, ಹೆಸರು ಬದಲಾಯಿಸಿದೀನಿ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸ್ಬೇಕು ಅಂತಿದೀನಿ. ಅವ್ರಿಗೆ ಓದೋಕೆ ಬರಲ್ಲ. ಒಬ್ಬ ಫ್ರೆಂಡು ಕಥೆ ಅಂದ್ಮೇಲೆ ಕೇಳೋದೇನಿದೆ ಅಂತಾನೆ, ಇನ್ನೊಬ್ಳು ದಲಿತರ ನೋವನ್ನ ನೀನು ಬರೀಲೇಬಾರ್ದು ಅಂತಾಳೆ. ನೀವೇನಂತೀರಾ?

ಹಳೇಹೊತ್ತಿಗೆ:
ಬರೀಲೇಬಾರ್ದು ಅನ್ನೋದನ್ನ ನಾನು ಒಪ್ಪಲ್ಲ. ಕಾರಂತರು 1933ರಲ್ಲೇ ಚೋಮನ ದುಡಿ ಬರೆದ್ರು, ಸ್ವಂತ ಬೇಸಾಯ ಮಾಡೋ ಆಸೆ ಇಟ್ಕೊಂಡು ಜಾತಿ ಕಾರಣಕ್ಕೇ ತುಂಡು ಭೂಮಿ ಸಿಗದ ಚೋಮ ಎಷ್ಟೋ ಜನರ ಮನಸ್ಸಿಗೆ ತಟ್ಟಿದ್ದು ಅದ್ರಿಂದ. ಆದ್ರೆ ಆಮೇಲೆ ದೇವನೂರ, ಸಿದ್ಧಲಿಂಗಯ್ಯ, ಅರವಿಂದ ಮಾಲಗತ್ತಿ ಅಂಥ ದಲಿತ ಲೇಖಕರು ತಮ್ಮ ಬದುಕನ್ನ ತಾವೇ ಬರ್ದಾಯ್ತು. ಸಿದ್ಧಲಿಂಗಯ್ಯನವರ ಆತ್ಮಕಥೆ ಊರುಕೇರಿ ಓದಿ ನೋಡಿ, ಅಷ್ಟು ಬಡತನದ ನಡುವೆ ಎಷ್ಟು ನಗು ಇದೆ. ಅದನ್ನ ಓದಿದವರ ಮುಂದೆ ಬರೀ ಅಳೋ ಪಾತ್ರ ತಂದು ನಿಲ್ಸಿದ್ರೆ ಅದು ಅರೆಬರೆ ಕೆಲಸಾನೇ.

ಪಾವಗಡದ ಮಗ:
ನಮ್ಮಮ್ಮ ಪೌರಕಾರ್ಮಿಕರು, ಅದಕ್ಕೇ ಬರೀತಿದೀನಿ. ಒಂದ್ಸಲ ಯಾರೋ ಬಂದು ಅಮ್ಮನ್ನ ಇಟ್ಕೊಂಡು ಕಿರುಚಿತ್ರ ಮಾಡಿದ್ರು. ಬೆಳಗ್ಗೆ ಮಸ್ಟರಿಂಗ್‌ನಲ್ಲಿ ಹಾಜರಿ ಹಾಕೋದ್ರಿಂದ ಹಿಡಿದು ಇಡೀ ದಿನ ಹಿಂದೆ ಸುತ್ತಿದ್ರು. ಅಮ್ಮ ಸಂಬಳ ಹಿಡ್ಕೊಂಡ ಮೇಸ್ತ್ರಿ ಹತ್ರ ಜಗಳ ಆಡಿ ಹತ್ತಾರು ಹೆಂಗಸ್ರಿಗೆ ದುಡ್ಡು ಕೊಡಿಸಿದ್ದನ್ನ ಖುಷಿಯಿಂದ ಹೇಳಿದ್ಲು, ಚೀಟಿ ನಡೆಸೋ ಲೆಕ್ಕದ ಪುಸ್ತಕ ತೋರಿಸಿದ್ಲು. ಕೊನೆಗೆ ಚಿತ್ರದಲ್ಲಿ ಉಳಿದಿದ್ದು ಪೊರಕೆ, ಕಸ, ಕಣ್ಣೀರು. ಅಮ್ಮ ನೋಡಿ "ನಾನು ಇಷ್ಟೇನಾ?" ಅಂತ ಕೇಳಿದ್ಲು.

ಇನ್ನು ನಿಮ್ಮ ಕಥೆ. ಹೆಸರು ಬದಲಾಯಿಸಿದ್ರೂ ಗಂಡ ಮ್ಯಾನ್‌ಹೋಲಲ್ಲಿ ಸತ್ತ, ಕೇಸು ನಡೀತಿದೆ ಅಂದ್ರೆ ಇಡೀ ವಾರ್ಡಿಗೆ ಅದು ಯಾರು ಅಂತ ಗೊತ್ತಾಗುತ್ತೆ. ಆ ಕುಡಿತದ ಮಾತಂತೂ ದಯವಿಟ್ಟು ತೆಗೀರಿ. ಇಂಥ ಸಾವಿಗೆ 10 ಲಕ್ಷ ಕೊಡ್ಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರ ಅಕ್ಟೋಬರ್ ತೀರ್ಪಲ್ಲಿ ಅದನ್ನ 30 ಲಕ್ಷ ಮಾಡ್ತು. ಅದು ಕೈಗೆ ಬರೋ ತನಕ ಎದುರು ಕಡೆಯವ್ರು ಕುಡಿದು ತಾನಾಗೇ ಇಳಿದ ಅಂತ ಹೇಳೋಕೆ ದಾರಿ ಹುಡುಕ್ತಾನೇ ಇರ್ತಾರೆ. ನಿಮ್ಮನ್ನ ನಂಬಿ ಹೇಳಿದ ಮಾತು ಅದು.

ಕಡಲಕರೆ:
ನೋವು ಅರ್ಥ ಆಗುತ್ತೆ, ಆದ್ರೂ ಒಂದು ಮಾತು. ಎಲ್ಲದಕ್ಕೂ ಪರ್ಮಿಷನ್ ಕೇಳ್ತಾ ಹೋದ್ರೆ ಯಾರೂ ಏನೂ ಬರೆಯೋಕಾಗಲ್ಲ. ನಾವು ಬರೆಯೋ ಅತ್ತೆ, ಮಾವ, ಮೇಷ್ಟ್ರು ಎಲ್ಲ ಎಲ್ಲೋ ನೋಡಿದವ್ರೇ ಅಲ್ವಾ.

ಪಾವಗಡದ ಮಗ:
ನಿಜ ಸಾರ್, ಆದ್ರೆ ನಿಮ್ಮ ಮಾವ ಆ ಪತ್ರಿಕೆ ಓದ್ತಾರೆ, ಸಿಟ್ಟು ಬಂದ್ರೆ ಫೋನ್ ಮಾಡಿ ಬೈತಾರೆ. ಈ ಅಕ್ಕಂಗೆ ಕಥೆ ಅಚ್ಚಾಗಿದ್ದೂ ಗೊತ್ತಾಗಲ್ಲ. ಉತ್ತರ ಕೊಡೋಕಾಗದವ್ರ ಬಗ್ಗೆ ಬರೆಯೋವಾಗಲಾದ್ರೂ ಮೊದ್ಲೇ ಹೋಗಿ ಕೇಳ್ಬೇಕು ಅಂತ ನನ್ನ ಅಭಿಪ್ರಾಯ.

ತುಂಗಾತೀರ:
ಕುಡಿತದ ಸಾಲುಗಳನ್ನ ಈಗ್ಲೇ ತೆಗೀತಿದೀನಿ. ಕಥೆ ಅವ್ರಿಗೆ ಓದಿ ಹೇಳ್ತೀನಿ, ಬೇಡ ಅಂದ್ರೆ ಕಳಿಸಲ್ಲ. ಹೇಗೆ ಕೇಳ್ಲಿ ಅಂತ ಒಂದ್ಚೂರು ಹೇಳ್ತೀರಾ?

ಪಾವಗಡದ ಮಗ:
ಡ್ಯೂಟಿ ಟೈಮಲ್ಲಿ ಬೇಡ, ಮೇಸ್ತ್ರಿ ಅಲ್ಲೇ ಓಡಾಡ್ತಿರ್ತಾನೆ. ಮಧ್ಯಾಹ್ನ ಕೆಲಸ ಮುಗಿದ್ಮೇಲೆ ಅವ್ರ ಮನೆಗೇ ಹೋಗಿ, ಮಕ್ಕಳಿದ್ರೆ ಅವ್ರನ್ನೂ ಕೂರಿಸ್ಕೊಳ್ಳಿ. ನಮ್ಮಲ್ಲಿ ತುಂಬ ಜನ ಮನೇಲಿ ತೆಲುಗು ಮಾತಾಡೋದು, ಆ ಅಕ್ಕನೂ ಹಾಗೇ ಆಗಿದ್ರೆ ಮಕ್ಕಳ ಕೈಲಿ ತೆಲುಗಲ್ಲಿ ಹೇಳ್ಸಿ. ನಿಮ್ಮ ಮುಖ ನೋಡಿ ಸಂಕೋಚಕ್ಕೆ "ಆಯ್ತಮ್ಮ" ಅಂದುಬಿಡ್ತಾರೆ, ಅದನ್ನೇ ಒಪ್ಪಿಗೆ ಅನ್ಕೋಬೇಡಿ, ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ ಕೇಳಿ. ಬಹುಮಾನ ಬಂದ್ರೆ ಅವ್ರಿಗೆಷ್ಟು ಅನ್ನೋದನ್ನೂ ಮೊದ್ಲೇ ಮಾತಾಡ್ಕೊಳ್ಳಿ.