ಪ್ರಸ್ತಾರ: ಹಾಕುವುದಾ, ಹರಡುವುದಾ?

ಗೆಳೆಯರೇ,

ಛಂದಸ್ಸಿನ 'ಪ್ರಸ್ತಾರ' ಎಂಬ ಪದದ ಬಗ್ಗೆ ನನ್ನದೊಂದು ಪ್ರಶ್ನೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಕೆಲವು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹೋದ ವಾರ ಮಾತ್ರಾಗಣದ ಪಾಠ, ಅಂದರೆ ಅಕ್ಷರಗಳನ್ನು ಉಚ್ಚಾರದ ಕಾಲದ ಅಳತೆಯಲ್ಲಿ (ಮಾತ್ರೆಯಲ್ಲಿ) ಗುಂಪು ಮಾಡುವುದು. ಉದಾಹರಣೆಗೆ ಮಕ್ಕಳು ದಿನಾ ಕೇಳುವ ಲೋಕಲ್ ಸ್ಟೇಷನ್‌ಗಳ ಹೆಸರನ್ನೇ ಹಿಡಿದೆ. ಲಘುವಿಗೆ (ಹ್ರಸ್ವ ಅಕ್ಷರ) ಒಂದು ಮಾತ್ರೆ, ಗುರುವಿಗೆ (ದೀರ್ಘ, ಸೊನ್ನೆಯಿರುವ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ) ಎರಡು. ಮೂರು ಮಾತ್ರೆಗೆ ಠಾಣೆ, ವಸೈ, ಪರಳ. ನಾಲ್ಕಕ್ಕೆ ಕುರ್ಲಾ, ದಾದರು, ವಿರಾರು, ಕಳವಾ, ದಹಿಸರ. (ದಾದರ್, ವಿರಾರ್‌ಗಳಿಗೆ ನಮ್ಮ ಉಕಾರ ಹಚ್ಚಿದ್ದೇನೆ, ಮರಾಠಿಯವರು ಕ್ಷಮಿಸಲಿ.) ಹೇಳಿ ನೋಡಿ, ಐದರಲ್ಲೂ ಲಘು ಗುರು ಕೂರುವ ರೀತಿ ಬೇರೆ ಬೇರೆ. ಆರನೆಯ ರೀತಿ ಇಲ್ಲವೇ ಇಲ್ಲ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೋರ್ಡ್ ನೋಡುತ್ತಾ, "ಎರಡು ಮಾತ್ರೆಗೆ ಎರಡು ರೀತಿ, ಮೂರಕ್ಕೆ ಮೂರು, ನಾಲ್ಕಕ್ಕೆ ಐದು. ಹಾಗಾದ್ರೆ ಐದಕ್ಕೆ ಎಂಟಾ ಟೀಚರ್?" ಎಂದಳು. ಎಂಟೇ. ಕಾರಣವನ್ನೂ ಅವಳೇ ಬಿಡಿಸಿದಳು. ಕೊನೆಯ ಅಕ್ಷರ ಲಘುವಾದರೆ ಹಿಂದೆ ಉಳಿಯುವುದು ನಾಲ್ಕು ಮಾತ್ರೆ, ಅದಕ್ಕೆ ಐದು ರೀತಿ. ಗುರುವಾದರೆ ಉಳಿಯುವುದು ಮೂರು, ಅದಕ್ಕೆ ಮೂರು ರೀತಿ. ಐದೂ ಮೂರೂ ಎಂಟು. ಮುಂದೆ 13, 21. ಅವಳ ಶಾಲೆಯಲ್ಲಿ ಇವಕ್ಕೆ ಫಿಬೊನಾಚಿ ಸಂಖ್ಯೆ ಅನ್ನುತ್ತಾರಂತೆ. ಇಟಲಿಯ ಗಣಿತಜ್ಞ ಫಿಬೊನಾಚಿ ಈ ಸಂಖ್ಯೆಗಳು ಬರುವ ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ. ಛಂದಸ್ಸಿನವರಾದ ವಿರಹಾಂಕ, ಹೇಮಚಂದ್ರ ಅದಕ್ಕೂ ಮೊದಲೇ ಹಿಂದಿನ ಎರಡನ್ನು ಕೂಡಿಸುವ ಈ ದಾರಿ ಹೇಳಿಟ್ಟಿದ್ದರು. ಅವರ ಲೆಕ್ಕದಲ್ಲಿ ಮೊಲ ಇರಲಿಲ್ಲ, ಮಾತ್ರೆ ಇತ್ತು.

ಈಗ ನನ್ನ ಪ್ರಶ್ನೆ. "ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ" ಅಂತ ಪರೀಕ್ಷೆಯಲ್ಲಿ ನಾವೆಲ್ಲ ಬರೆದವರೇ ಅಲ್ವಾ? ಅಲ್ಲಿ ಪ್ರಸ್ತಾರ ಎಂದರೆ ಕೊಟ್ಟ ಸಾಲಿನ ನೆತ್ತಿಯ ಮೇಲೆ ಲಘು ಗುರು ಗುರುತು ಹಾಕುವುದು. ಆದರೆ ಹಳೆಯ ಛಂದಸ್ಸಿನ ಆರು ಪ್ರತ್ಯಯಗಳಲ್ಲಿ (ಲೆಕ್ಕದ ವಿಧಾನಗಳಲ್ಲಿ) ಮೊದಲನೆಯದಾದ ಪ್ರಸ್ತಾರವೇ ಬೇರೆ. ಆಗಬಹುದಾದ ರೀತಿಗಳನ್ನೆಲ್ಲ ಒಂದರ ಕೆಳಗೊಂದು ಹರಡಿ ಬರೆಯುವುದು ಅದು. ಹುಡುಗಿ ಬೋರ್ಡಿನ ಮೇಲೆ ನೋಡಿದ್ದು ಇದನ್ನೇ. ಒಟ್ಟು ಎಷ್ಟಾಯಿತು ಎಂಬ ಎಣಿಕೆಗೆ ಅಲ್ಲಿ 'ಸಂಖ್ಯೆ' ಎಂದೇ ಹೆಸರು.

ಹರಡುವ ಪ್ರಸ್ತಾರ ಹಾಕುವ ಪ್ರಸ್ತಾರವಾಗಿ ಜಾರಿದ್ದು ಯಾವಾಗ? ಹಳೆಯ ಅರ್ಥಕ್ಕೆ ಈಗ ಯಾವ ಪದ ಬಳಸೋಣ? ಗಣಿತ ಪುಸ್ತಕದ 'ಕ್ರಮಯೋಜನೆ' (ಪರ್ಮ್ಯುಟೇಶನ್) ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಇರುವಷ್ಟನ್ನೇ ಹಿಂದೆ ಮುಂದೆ ಜೋಡಿಸುತ್ತೇವೆ. ಇಲ್ಲಿ ಅಕ್ಷರಗಳ ಲೆಕ್ಕವೇ ಬದಲಾಗುತ್ತದೆ, ದಹಿಸರಕ್ಕೆ ನಾಲ್ಕು, ಕುರ್ಲಾಕ್ಕೆ ಎರಡೇ. ಹುಡುಗಿ ಸುಮ್ನೆ ಮರಾಠಿಯ 'ಮಾಂಡಣಿ' (ಜೋಡಣೆ) ಎಂದುಬಿಟ್ಟಳು. 'ಹರಹು' ಅಂದರೆ ಹೇಗೆ? ನನ್ನ ಒಲವು ಅದರ ಕಡೆಗೆ.

ಅಂದಹಾಗೆ ಐದು ಮಾತ್ರೆಯ ಎಂಟು ರೀತಿಗಳಲ್ಲಿ ನನಗೆ ಸಿಕ್ಕಿದ್ದು ಎರಡೇ: ಡೊಂಬಿವಲಿ, ಅಂಧೇರಿ. ಉಳಿದ ಆರಕ್ಕೆ ಸ್ಟೇಷನ್ ಹೊಳೆದರೆ ತಿಳಿಸಿ. ಹಾರ್ಬರ್ ಲೈನಿನವೂ ನಡೆಯುತ್ತವೆ.